ಏಳನೆಯ ನೆಗೆಟಿವ್ ವರದಿ

ಮಾನ್ಯ ಸಂಪಾದಕರೇ,

ಎಚ್‌ಐವಿ ಕುರಿತ ಆರೋಗ್ಯ ಲೇಖನಗಳು ಜ್ವರ, ಗಂಟಲುನೋವು, ಮೈಮೇಲಿನ ಗಂಧೆ, ಗ್ರಂಥಿಗಳ ಊತ ಎಂದು ಲಕ್ಷಣಗಳ ಪಟ್ಟಿಯಿಂದಲೇ ಆರಂಭವಾಗುವುದು ವಾಡಿಕೆ. ಆಪ್ತಸಮಾಲೋಚಕನಾಗಿ ಹಲವು ವರ್ಷ ದುಡಿದ ನನಗೆ, ಈ ಪಟ್ಟಿಯಿಂದ ಸೋಂಕಿತರಿಗೆ ಆಗುವ ಉಪಕಾರಕ್ಕಿಂತ ಸೋಂಕೇ ಇಲ್ಲದವರಿಗೆ ಆಗುವ ಉಪದ್ರವವೇ ಹೆಚ್ಚೆನಿಸಿದೆ.

ಕೇವಲ ಚುಂಬಿಸಿದವರು, ಕೈಯಿಂದ ಸ್ಪರ್ಶಿಸಿದವರು, ಹರಿಯದ ಕಾಂಡೋಮ್ ಬಳಸಿದವರು ಸಹ ಎರಡನೆಯ ವಾರದಲ್ಲಿ ಗಂಟಲು ಕೆರೆದರೆ ಸಾಕು, ನಡುಗಿಹೋಗುತ್ತಾರೆ. ದಿನಕ್ಕೆ ಇಪ್ಪತ್ತು ಸಲ ಕುತ್ತಿಗೆ ಒತ್ತಿ ನೋಡಿಕೊಂಡರೆ ಅಲ್ಲಿ ನೋವು ಬಾರದೆ ಇದ್ದೀತೇ? ನಿದ್ದೆಗೆಟ್ಟು ಕೊರಗುವವರಿಗೆ ಬೆವರು, ಭೇದಿ, ಬಾಯಿ ಒಣಗುವಿಕೆ ಬರಲು ವೈರಾಣುವೇ ಬೇಕಿಲ್ಲ. ರಕ್ತ, ವೀರ್ಯ, ಯೋನಿ ಮತ್ತು ಗುದನಾಳದ ಸ್ರಾವ, ಎದೆಹಾಲು, ಇವುಗಳ ಮೂಲಕ ಹರಡುವ ಈ ವೈರಾಣು ಎಂಜಲಿನಿಂದಾಗಲಿ ಗಾಯವಿಲ್ಲದ ಚರ್ಮದ ಸ್ಪರ್ಶದಿಂದಾಗಲಿ ದಾಟುವುದಿಲ್ಲ. ಚಿಕಿತ್ಸೆ ಪಡೆಯದ ಸೋಂಕಿತ ಮಹಿಳೆಯೊಂದಿಗೆ ಕಾಂಡೋಮ್ ಇಲ್ಲದೆ ನಡೆದ ಒಂದು ಯೋನಿ ಸಂಭೋಗದಲ್ಲಿ ಕೂಡ ಪುರುಷನಿಗಿರುವ ಅಪಾಯವನ್ನು ಸರಾಸರಿ 10,000ಕ್ಕೆ ಸುಮಾರು 4 ಎಂದು ಅಂದಾಜಿಸಲಾಗಿದೆ. ಇದು ನಿರ್ಲಕ್ಷಿಸುವ ಮಾತಲ್ಲ; ನಿಜವಾದ ಅಪಾಯ ಎದುರಾದವರು 72 ಗಂಟೆಯೊಳಗೆ ವೈದ್ಯರನ್ನು ಕಂಡರೆ ಸೋಂಕು ತಗಲದಂತೆ ತಡೆಯಲು 28 ದಿನಗಳ ತಡೆಮಾತ್ರೆಗಳಿವೆ.

ಆದರೆ ನನ್ನ ಬಳಿ ಬಂದವರಲ್ಲಿ ಒಬ್ಬರು ಆರು ನೆಗೆಟಿವ್ ವರದಿಗಳ ಕಡತ ಹಿಡಿದು ಏಳನೆಯ ಪರೀಕ್ಷೆಗೆ ಸಿದ್ಧರಾಗಿದ್ದರು. ಪ್ರತಿ ವರದಿಯೂ ಅವರಿಗೆ ಎರಡು ದಿನದ ನೆಮ್ಮದಿ ಕೊಟ್ಟು, ಮೂರನೆಯ ದಿನ ‘ಯಂತ್ರವೇ ತಪ್ಪಿದ್ದರೆ?’ ಎಂಬ ಸಂಶಯಕ್ಕೆ ದಾರಿ ಮಾಡುತ್ತಿತ್ತು. ಮಾತು ಬೆಳೆದಂತೆ ತಿಳಿದದ್ದೇನೆಂದರೆ, ಅವರನ್ನು ಕಾಡುತ್ತಿದ್ದುದು ವೈರಾಣುವಿಗಿಂತ ಹೆಚ್ಚಾಗಿ ಹೆಂಡತಿಗೆ ಹೇಳಲಾಗದ ಅಳುಕು. ಅಂಥ ಅಳುಕಿಗೆ ರಕ್ತದಲ್ಲಿ ಉತ್ತರ ಸಿಗುವುದಿಲ್ಲ. ‘ಏನೂ ಇಲ್ಲ, ಹೋಗಿ’ ಎಂದು ನಕ್ಕು ಕಳುಹಿಸುವ ವೈದ್ಯರಿಂದಲೂ ಅದು ನೀಗುವುದಿಲ್ಲ. ಆರೋಗ್ಯದ ಅತಿಯಾದ ಆತಂಕವೂ ಒಂದು ಕಾಯಿಲೆ. ಅದಕ್ಕೆ ಆಪ್ತಸಮಾಲೋಚನೆ ಹಾಗೂ ಮನೋಚಿಕಿತ್ಸೆ ಇವೆ.

ಆದ್ದರಿಂದ ನನ್ನ ವಿನಂತಿ ಇಷ್ಟೇ: ಇಂಥ ಲೇಖನಗಳಲ್ಲಿ ಲಕ್ಷಣಗಳಿಗಿಂತ ಮೊದಲು ದಿನಗಳ ಲೆಕ್ಕ ಅಚ್ಚಾಗಲಿ. ತಡೆಮಾತ್ರೆ ತೆಗೆದುಕೊಳ್ಳದವರಿಗೆ, ವೈರಾಣುವಿನ ಅಂಶವನ್ನೂ ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನೂ ಗುರುತಿಸುವ, ಪ್ರಯೋಗಾಲಯದಲ್ಲಿ ನಡೆಸುವ ನಾಲ್ಕನೆಯ ತಲೆಮಾರಿನ ಪರೀಕ್ಷೆ ಅಪಾಯದ ಘಟನೆ ನಡೆದ 45 ದಿನಗಳ ನಂತರ, ಪ್ರತಿಕಾಯಗಳನ್ನಷ್ಟೇ ಗುರುತಿಸುವ ಕ್ಷಿಪ್ರ ಪರೀಕ್ಷೆ 90 ದಿನಗಳ ನಂತರ ನೆಗೆಟಿವ್ ಬಂದರೆ, ಆ ಘಟನೆಯ ಮಟ್ಟಿಗೆ ಅದೇ ಅಂತಿಮ ಉತ್ತರ ಎಂಬ ಒಂದು ಸಾಲನ್ನು ದಪ್ಪಕ್ಷರದಲ್ಲಿ ಮುದ್ರಿಸಿ.

ಇಂತಿ,
ಒಬ್ಬ ಆಪ್ತಸಮಾಲೋಚಕ