ಅಟ್ಟದ ಮೇಲಿನ ಎಂಬತ್ತು ಜನ

ಪ್ರೀತಿಯ ತಂಗಿ,

ನಿನ್ನ ಕತೆಯನ್ನು ಎರಡು ಸಲ ಓದಿದೆ. ನಾಜಿಗಳ ಹಿಡಿತದಲ್ಲಿದ್ದ ಡೆನ್ಮಾರ್ಕಿನಿಂದ 1943ರಲ್ಲಿ ಸ್ವೀಡನ್ನಿಗೆ ತಪ್ಪಿಸಿಕೊಂಡು ಹೋದ ಯೆಹೂದಿ ಹುಡುಗಿಯ ಬಗ್ಗೆ ಬರೆಯಲು ಹೊರಟಿದ್ದೀಯ, ಸಂತೋಷವಾಯಿತು. ಆದರೆ ಮೊದಲ ಪುಟದಲ್ಲೇ ರಾಜ ಹತ್ತನೇ ಕ್ರಿಶ್ಚಿಯನ್ ನಾಜಿಗಳು ಯೆಹೂದಿಗಳ ಗುರುತಿಗೆಂದು ತೊಡಿಸುತ್ತಿದ್ದ ಹಳದಿ ನಕ್ಷತ್ರವನ್ನು ಎದೆಗೆ ತೊಟ್ಟು ಕುದುರೆಯ ಮೇಲೆ ಬರುತ್ತಾನಲ್ಲ, ಅದನ್ನು ತೆಗೆದುಬಿಡು. ಅದು ನಡೆದದ್ದಲ್ಲ. ಡೆನ್ಮಾರ್ಕಿನ ಯೆಹೂದಿಗಳಿಗೆ ನಕ್ಷತ್ರ ತೊಡುವ ಕಟ್ಟಳೆಯೇ ಬಂದಿರಲಿಲ್ಲ. ನಿನ್ನ ವಯಸ್ಸಿನಲ್ಲಿ ನಾನೂ ಅದನ್ನು ನಂಬಿ ನಾಲ್ಕು ಜನರ ಮುಂದೆ ಹೇಳಿದ್ದೆ. ಇವತ್ತಿಗೂ ಮನಸ್ಸು ಚುರುಕ್ ಎನ್ನುತ್ತದೆ. ನಾಜಿಗಳು ಯೆಹೂದಿಗಳ ಮೇಲೆ ನಡೆಸಿದ ಹಿಂಸೆಯೇ ಸುಳ್ಳು ಎನ್ನುವವರು ಇದ್ದಾರೆ ತಂಗಿ. ನಾವು ಕಟ್ಟಿದ ಒಂದು ಸುಳ್ಳು ಸಿಕ್ಕರೂ ಅವರಿಗೆ ಸಾಕು.

ನಡೆದದ್ದೇ ಬೇಕಾದಷ್ಟಿದೆ. ಜರ್ಮನ್ ರಾಯಭಾರ ಕಚೇರಿಯಲ್ಲೇ ಕೆಲಸಕ್ಕಿದ್ದ ಡಕ್ವಿಟ್ಸ್, ಯೆಹೂದಿಗಳನ್ನು ಬಂಧಿಸಲಿದ್ದಾರೆಂಬ ಸುದ್ದಿಯನ್ನು ಸೆಪ್ಟೆಂಬರ್ 28ರಂದು ಡೇನಿಶ್ ರಾಜಕಾರಣಿಗಳ ಕಿವಿಗೆ ಹಾಕಿದ. ಮರುದಿನ ಬೆಳಗ್ಗೆ ಕೋಪನ್‌ಹೇಗನ್ನಿನ ಸಿನಗಾಗಿನಲ್ಲಿ, ಅಂದರೆ ಯೆಹೂದಿಗಳ ಪ್ರಾರ್ಥನಾಮಂದಿರದಲ್ಲಿ, ಅವರ ಧರ್ಮಗುರು ರಬ್ಬಿ ಮಾರ್ಕಸ್ ಮೆಲ್ಕಿಯೋರ್, ಇವತ್ತು ಪ್ರಾರ್ಥನೆ ಇಲ್ಲ, ಹೋಗಿ ಅಡಗಿಕೊಳ್ಳಿ, ಗೊತ್ತಿದ್ದವರಿಗೆಲ್ಲ ತಿಳಿಸಿ ಎಂದರು. ಸಂಜೆಗೆ ಯೆಹೂದಿಗಳ ಹೊಸವರ್ಷದ ಹಬ್ಬ. ನಿನ್ನ ಹುಡುಗಿಯ ಮನೆಯಲ್ಲಿ ಹಬ್ಬದ ಸುಳಿವೇ ಇಲ್ಲ. ಹಬ್ಬದ ಸೇಬು, ಜೇನುತುಪ್ಪ ಮೇಜಿನ ಮೇಲೆ ಹಾಗೇ ಉಳಿಯಲಿ. ಬಾಗಿಲು ಎಳೆದುಕೊಳ್ಳುವಾಗ ಅವಳ ಕಣ್ಣು ಅತ್ತ ಹೋಗಲಿ.

ಮೀನುಗಾರರನ್ನು ನೀನು ದೇವರನ್ನಾಗಿ ಮಾಡಿದ್ದೀಯ. ಎಷ್ಟೋ ಮಂದಿ ಹಣ ತೆಗೆದುಕೊಂಡರು. ತಲೆಗೆ ಸಾವಿರ ಕ್ರೋನರ್ (ಅಲ್ಲಿನ ಹಣ) ಕೊಟ್ಟವರಿದ್ದಾರೆ, ಅದಕ್ಕಿಂತ ಹೆಚ್ಚು ತೆತ್ತವರೂ ಇದ್ದಾರೆ. ಇಲ್ಲದವರಿಗಾಗಿ ಗುರುತಿಲ್ಲದವರು ಚಂದಾ ಎತ್ತಿದರು. ಸಿಕ್ಕಿಬಿದ್ದರೆ ದೋಣಿ ಹೋಯಿತು, ಹೊಟ್ಟೆಪಾಡೂ ಹೋಯಿತು, ಆ ಭಯವೂ ನಿಜ. ಹಣ ಎಣಿಸಿಕೊಂಡ ಕೈಯೇ ಮಗುವನ್ನು ಎತ್ತಿ ದೋಣಿಗೆ ಇಳಿಸಿತು. ಎರಡನ್ನೂ ಬರೆ. ಅಳು ಕೇಳಿಸಬಾರದೆಂದು ಎಷ್ಟೋ ಮಕ್ಕಳಿಗೆ ಮಂಪರಿನ ಚುಚ್ಚುಮದ್ದು ಕೊಟ್ಟಿದ್ದರು. ಮಡಿಲಲ್ಲಿ ಮಿಸುಕದೆ ಮಲಗಿದ ಮಗುವಿನ ಮೂಗಿನ ಹತ್ತಿರ ತಾಯಿ ಮತ್ತೆಮತ್ತೆ ಬೆರಳು ಹಿಡಿದು ನೋಡುವುದನ್ನು ಬರೆದರೆ, ನಿನ್ನ ಅಲೆ, ಬಿರುಗಾಳಿ ಯಾವುದೂ ಬೇಕಾಗುವುದಿಲ್ಲ.

ಇನ್ನು ಗಿಲೆಲಾಯ. ಅದನ್ನು ನೀನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀಯ. ಆ ಮೀನುಗಾರರ ಊರಿನ ಚರ್ಚಿನ ಅಟ್ಟದ ಮೇಲೆ ಎಂಬತ್ತರಷ್ಟು ಜನ ದೋಣಿಗಾಗಿ ಕಾಯುತ್ತ ಕೂತಿದ್ದರು. ಅಕ್ಟೋಬರಿನ ಚಳಿ, ಕತ್ತಲೆ, ಕೆಮ್ಮು ಬಂದರೂ ನುಂಗಿಕೊಳ್ಳಬೇಕು. ಊರವರು ಕದ್ದು ಊಟ ತಂದುಕೊಟ್ಟರು. 6ರ ರಾತ್ರಿ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಚರ್ಚನ್ನು ಸುತ್ತುವರಿದು ಅವರನ್ನು ಹಿಡಿದೊಯ್ದಿತು. ಏಳು ಸಾವಿರಕ್ಕೂ ಹೆಚ್ಚು ಯೆಹೂದಿಗಳು ಸ್ವೀಡನ್ ಸೇರಿದರು, ನಿಜ. 470ರಷ್ಟು ಜನ ನಾಜಿಗಳ ಥೆರೇಸಿಯನ್‌ಸ್ಟಾಟ್ ಸೆರೆಶಿಬಿರಕ್ಕೆ ಹೋದರು. ನಿನ್ನ ಹುಡುಗಿ ಆಚೆ ದಡದಲ್ಲಿ ಬಿಸಿ ಹಾಲು ಕುಡಿಯುವಾಗ, ಅಟ್ಟದಲ್ಲಿ ತನಗೆ ಜಾಗ ಬಿಟ್ಟುಕೊಟ್ಟ ಮುದುಕಿಯ ನೆನಪು ಅವಳಿಗೆ ಬರಬೇಡವೇ?

ತಿದ್ದಿ ಕಳಿಸು. ಅಟ್ಟದ ಭಾಗವನ್ನೇ ಮೊದಲು ಓದುತ್ತೇನೆ.

ನಿನ್ನ,
ಅಕ್ಕ