ರಬ್ಬರ್ ಬದಲಾಯಿಸಿದ್ದನ್ನು ಒಂದು ಮಾತು ಹೇಳಬಾರದಿತ್ತಾ?

ಸೇಲ್ಸ್ ಮತ್ತು ಕ್ವಾಲಿಟಿ ವಿಭಾಗದವರಿಗೆ,

ನಮಸ್ಕಾರ. ನಿಮ್ಮ 1.70 ಮಿ.ಮೀ. ರಬ್ಬರ್ ಶೀಟು ತಗೊಂಡು, ಲೇಸರ್‌ನಲ್ಲಿ ಕೊರೆದು, ಬಾಗುವ ಅಚ್ಚಿನಿಂದ ಮುದ್ರಿಸುವ ಫ್ಲೆಕ್ಸೋ ಪ್ರೆಸ್‌ನವರಿಗೆ ಪ್ಲೇಟು ಮಾಡಿಕೊಡುವುದು ನನ್ನ ಕೆಲಸ. ನಾಲ್ಕು ವರ್ಷದಿಂದ ನಿಮ್ಮ ಇಪಿಡಿಎಂ ಅನ್ನುವ ಕೃತಕ ರಬ್ಬರಿನ ಶೀಟೇ ಬಳಸುತ್ತಿದ್ದೇನೆ, ಒಂದು ದಿನವೂ ಗೊಣಗಿದವನಲ್ಲ. ಈ ಸಲದ ಬ್ಯಾಚು ಮಾತ್ರ ತಲೆ ಕೆಡಿಸಿಬಿಟ್ಟಿದೆ.

ಮೊದಲ ಅನುಮಾನ ಬಂದದ್ದು ಲೇಸರ್ ಮುಂದೆ. ಹಿಂದಿನ ಶೀಟು ಸುಟ್ಟರೆ ಒಣ ಪುಡಿ ಬೀಳುತ್ತಿತ್ತು, ಬ್ಲೋವರ್ ಎಳೆದುಕೊಂಡು ಹೋಗುತ್ತಿತ್ತು. ಈಗ ಅಕ್ಷರದ ಅಂಚಿನಲ್ಲೆಲ್ಲ ಜಿಗುಟು. ಎಷ್ಟು ಉಜ್ಜಿ ತೊಳೆದರೂ ಸಣ್ಣ ಡಾಟ್‌ಗಳ ಸಂದಿಯಿಂದ ಹೋಗಲ್ಲ. ಲೆನ್ಸ್ ಕೊಳೆಯಾಗಿದೆಯೇನೋ ಅಂತ ಅರ್ಧ ದಿನ ಮಷೀನು ಬಿಚ್ಚಿ ಒರೆಸಿದೆ, ಸುಮ್ನೆ.

ಹೇಗೋ ಪ್ಲೇಟು ಕೊಟ್ಟೆ. ಎರಡೇ ತಾಸಿಗೆ ಪ್ರೆಸ್‌ನಿಂದ ಫೋನ್ ಬಂತು. ಅವರದ್ದು ಪ್ಲಾಸ್ಟಿಕ್ ಫಿಲ್ಮ್ ಕೆಲಸ, ಇಂಕಿನಲ್ಲಿ ಆಲ್ಕೋಹಾಲ್ ಜೊತೆ ಈಥೈಲ್ ಅಸಿಟೇಟ್ ಅನ್ನುವ ಸಾಲ್ವೆಂಟ್ (ಇಂಕು ಕರಗಿಸುವ ದ್ರವ) ಇರುತ್ತದೆ. ಶುರುವಿನಲ್ಲಿ ಚೆನ್ನಾಗಿ ಬಂದ ಪ್ರಿಂಟು ಬರುಬರುತ್ತಾ ದಪ್ಪಗಾಯಿತು, ಸಣ್ಣ ಅಕ್ಷರದ ಹೊಟ್ಟೆಯೆಲ್ಲ ತುಂಬಿಕೊಂಡಿತು, ಬಾರ್‌ಕೋಡ್ ಗೆರೆಗಳು ಒಂದಕ್ಕೊಂದು ಅಂಟಿ ಸ್ಕ್ಯಾನರ್ ಓದಲೇ ಇಲ್ಲ. ಬೈಗುಳ ಯಾರಿಗೆ ಬಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಬಳಸದೆ ಉಳಿದಿದ್ದ ತುಂಡೊಂದನ್ನು ಅದೇ ಸಾಲ್ವೆಂಟಿನಲ್ಲಿ ಒಂದು ರಾತ್ರಿ ನೆನೆಸಿಟ್ಟೆ. ಬೆಳಿಗ್ಗೆ ಮೈಕ್ರೋಮೀಟರ್ ಇಟ್ಟರೆ 1.79. ರಬ್ಬರಿನ ಗಡಸುತನ ಅಳೆಯುವ ಶೋರ್ ಎ ಲೆಕ್ಕದಲ್ಲಿ 60 ಇದ್ದದ್ದು 51ಕ್ಕೆ ಇಳಿದಿದೆ. ನನ್ನ ಹತ್ತಿರ ಉಳಿದಿದ್ದ ಹಳೆ ಬ್ಯಾಚಿನ ತುಂಡನ್ನೂ ಪಕ್ಕದಲ್ಲೇ ನೆನೆಸಿದ್ದೆ, ಅದು 1.71 ದಾಟಿಲ್ಲ.

ಆಮೇಲೆ ನಿಮ್ಮವರಿಗೆ ಮೂರು ಸಲ ಫೋನ್ ಮಾಡಿದ ಮೇಲೆ ವಿಷಯ ಹೊರಬಿತ್ತು: "ಈ ಬ್ಯಾಚಿನಲ್ಲಿ ನ್ಯಾಚುರಲ್ ರಬ್ಬರ್ ಬ್ಲೆಂಡ್ ಇದೆ ಸರ್, ಇಂಕು ಇನ್ನೂ ಚೆನ್ನಾಗಿ ಕೊಡುತ್ತೆ." ಮಾತು ಸುಳ್ಳಲ್ಲ. ನ್ಯಾಚುರಲ್ ರಬ್ಬರ್ ಒತ್ತಿದರೆ ಪುಟಿದು ಹಳೆ ಆಕಾರಕ್ಕೆ ಬರುವ ಗುಣ, ಎಳೆದರೆ ಹರಿಯದ ಗುಣ ನನಗೂ ಇಷ್ಟ. ನೀರಿನ ಇಂಕಿನಲ್ಲಿ ರಟ್ಟಿನ ಪೆಟ್ಟಿಗೆ ಹೊಡೆಯುವವರಿಗೆ ಕೊಡಿ, ಖುಷಿಪಡುತ್ತಾರೆ. ಅಸಿಟೇಟ್ ಇಂಕಿನವರಿಗೆ ಹೇಳದೆ ಕೇಳದೆ ಕೊಟ್ಟರೆ ಪ್ಲೇಟು ಊದಿಕೊಳ್ಳದೆ ಇನ್ನೇನಾಗುತ್ತೆ?

ಇಷ್ಟಕ್ಕೇ ಮುಗಿಯಲಿಲ್ಲ. ಇನ್ನೊಂದು ಗಿರಾಕಿಯ ಸಿಲಿಂಡರ್ ಮೇಲೆ ಸುತ್ತಿಟ್ಟಿದ್ದ ಪ್ಲೇಟಿನಲ್ಲಿ ಹತ್ತೇ ದಿನಕ್ಕೆ ಸಣ್ಣ ಸಣ್ಣ ಬಿರುಕು. ಎಲ್ಲವೂ ಎಳೆತಕ್ಕೆ ಅಡ್ಡವಾಗಿ ಎದ್ದಿವೆ, ಅಂದರೆ ಓಝೋನ್ ಕಚ್ಚಿದ್ದು. ಫಿಲ್ಮ್ ಪ್ರೆಸ್‌ನಲ್ಲಿ ಇಂಕು ಹಿಡಿಯಲಿ ಅಂತ ಫಿಲ್ಮಿಗೆ ಕರೆಂಟಿನ ಕಿಡಿ ತಾಗಿಸುವ ಕೊರೋನಾ ಟ್ರೀಟರ್ ಇರುತ್ತದೆ, ಅದು ಓಝೋನ್ ಬಿಡುತ್ತದೆ ಅಂತ ನಿಮಗೆ ನಾನು ಪಾಠ ಮಾಡಬೇಕಾ? ನ್ಯಾಚುರಲ್ ರಬ್ಬರಿನ ಅಣು ಸರಪಳಿಯ ಉದ್ದಕ್ಕೂ ಜೋಡಿ ಬಂಧಗಳಿವೆ, ಓಝೋನ್ ಹಿಡಿಯುವುದು ಅವನ್ನೇ. ಇಪಿಡಿಎಂನ ಮುಖ್ಯ ಸರಪಳಿಯಲ್ಲಿ ಅವು ಇಲ್ಲ, ಅದಕ್ಕೇ ನಾನು ಅದನ್ನು ಆರಿಸಿಕೊಂಡಿದ್ದು.

ಇವೆರಡನ್ನು ಬೆರೆಸಿದರೆ, ರಬ್ಬರ್ ಬೇಯಿಸಿ ಗಟ್ಟಿ ಮಾಡಲು ಹಾಕುವ ಗಂಧಕ ನ್ಯಾಚುರಲ್ ರಬ್ಬರ್ ಕಡೆಗೇ ಜಾಸ್ತಿ ಓಡುತ್ತದೆ, ಇಪಿಡಿಎಂ ಪಾಲು ಅರೆಬೆಂದ ಹಾಗೆ ಉಳಿಯಬಹುದು. ನಿಮ್ಮ ಶೀಟಿನ ಈ ಮೂಲೆಗೂ ಆ ಮೂಲೆಗೂ ಶೋರ್‌ನಲ್ಲಿ 4 ಅಂಕ ವ್ಯತ್ಯಾಸ ಯಾಕಿದೆ ಅಂತ ನಿಮ್ಮ ಲ್ಯಾಬ್‌ನವರನ್ನೇ ಕೇಳಿ ನೋಡಿ.

ನನಗೆ ಬೇಕಾಗಿರುವುದು ಇಷ್ಟು. ಈ ಬ್ಯಾಚಿನ ಎಲ್ಲ ಶೀಟು ವಾಪಸ್ ತಗೊಂಡು ಹಳೆ ಇಪಿಡಿಎಂ ಕೊಡಿ, ಹಾಳಾದ ಪ್ಲೇಟುಗಳ ಲೇಸರ್ ಖರ್ಚು ಕಟ್ಟಿಕೊಡಿ. ಇನ್ನು ಮುಂದೆ ರೋಲಿನ ಚೀಟಿಯಲ್ಲಿ ದಪ್ಪ, ಗಡಸುತನದ ಜೊತೆ ಯಾವ ರಬ್ಬರ್, ಯಾವ ಸಾಲ್ವೆಂಟಿಗೆ ಆಗಲ್ಲ ಅನ್ನುವುದೂ ಇರಲಿ. ಬ್ಲೆಂಡ್ ಬದಲಾಯಿಸುವ ಮೊದಲು ಅಂಗೈಯಗಲದ ಸ್ಯಾಂಪಲ್ ಕಳಿಸಿ, ನೆನೆಸಿ ನೋಡಿ ನಾನೇ ಹೇಳುತ್ತೇನೆ.

ಊದಿದ ತುಂಡು, ಬಿರುಕು ಬಿಟ್ಟ ಪ್ಲೇಟು ಎರಡರ ಫೋಟೋ ಜೊತೆಗಿದೆ. ಉಳಿದ ಆರು ಶೀಟು ಕತ್ತರಿಸದೆ ಸುತ್ತಿಟ್ಟಿದ್ದೇನೆ, ಈ ವಾರದೊಳಗೆ ಗಾಡಿ ಕಳಿಸಿ.

ಇಂತಿ,
ನಿಮ್ಮ ಹಳೆ ಗಿರಾಕಿ