ಬಾಡಿಗೆ ಬೇಕು, ಬಾಡಿಗೆಯವರು ಬೇಡವಾ?

ಮಾನ್ಯ ಸಂಪಾದಕರೇ,

ನಮ್ಮೂರಿನ ಹೋದ ಗ್ರಾಮಸಭೆಯಲ್ಲಿ ಒಬ್ಬರು ಎದ್ದು ನಿಂತು, ಹೊರ ರಾಜ್ಯದವರಿಗೆ ಇನ್ನು ಮೇಲೆ ಮನೆ ಕೊಡಬಾರದು ಅಂತ ನಿರ್ಣಯ ಬರೆದುಕೊಳ್ಳಿ ಅಂದರು. ಚಪ್ಪಾಳೆ ಜೋರಾಗಿಯೇ ಬಿತ್ತು. ತಟ್ಟಿದವರಲ್ಲಿ ಎಷ್ಟೋ ಜನ ಸಾಲಾಗಿ ಶೀಟಿನ ರೂಮು ಕಟ್ಟಿಸಿ ಅದೇ ಬಿಹಾರ, ಒಡಿಶಾ, ಅಸ್ಸಾಂನವರಿಂದ ತಿಂಗಳಾದರೆ ಬಾಡಿಗೆ ಎಣಿಸಿಕೊಳ್ಳುವವರು. ನಾನೂ ರೂಮು ಕೊಟ್ಟಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನರಸಾಪುರ, ವೇಮಗಲ್ ಕಡೆ ಕೈಗಾರಿಕಾ ಪ್ರದೇಶ ಆದ ಮೇಲೆ ರಾಗಿ, ಟೊಮೆಟೊ ಬೆಳೆಯುತ್ತಿದ್ದ ಜಮೀನು ಹೋಯಿತು. ಪರಿಹಾರದ ದುಡ್ಡು ಒಂದಷ್ಟು ಮದುವೆಗೆ, ಒಂದಷ್ಟು ಕಾರಿಗೆ, ಉಳಿದದ್ದು ರೂಮಿಗೆ ಹೋಯಿತು. ಇವತ್ತು ನಮ್ಮಲ್ಲಿ ಎಷ್ಟೋ ಮನೆ ನಡೆಯುವುದು ಬಾಡಿಗೆಯಿಂದ. ಚಿಲ್ಲರೆ ಅಂಗಡಿ, ಕೋಳಿ ಅಂಗಡಿ, ಮೊಬೈಲ್ ರೀಚಾರ್ಜು, ಶೇರ್ ಆಟೊ, ಎಲ್ಲಾ ಈ ಬಾಡಿಗೆಯವರ ಸಂಬಳದ ಮೇಲೇ. ನಮ್ಮ ಬೀದಿ ಅಂಗಡಿಯಾಕೆ ಸಾಸಿವೆ ಎಣ್ಣೆ, 'ಸತ್ತು' ಅನ್ನುವ ಹುರಿಗಡಲೆ ಹಿಟ್ಟು ತರಿಸಿ ಇಟ್ಟುಕೊಂಡಿದ್ದಾರೆ. ದರ, ತೂಕ, ಸಾಲದ ಲೆಕ್ಕ ಹೇಳುವಷ್ಟು ಹಿಂದಿ ಅವರಿಗೆ ಬಂದಿದೆ, "ಅಕ್ಕಾ, ಅರ್ಧ ಕೆಜಿ ಕೊಡಿ" ಅನ್ನುವಷ್ಟು ಕನ್ನಡ ಆ ಹುಡುಗರಿಗೆ ಬಂದಿದೆ. ಇದಕ್ಕೆ ಯಾರೂ ಸ್ಕೀಮು ಮಾಡಿರಲಿಲ್ಲ. ಕೋಲಾರದವರಿಗೆ ಇದೇನು ಹೊಸದಾ? ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ, ಕೆಜಿಎಫ್‌ಗೆ ಹೋದರೆ ತಮಿಳು. ಆ ಗಣಿಯನ್ನು ಕಟ್ಟಿದವರೂ ಹೊರಗಿನಿಂದ ಬಂದವರೇ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅವರ ಮಕ್ಕಳು ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ. ಅಲ್ಲಿ ಅವರನ್ನು ಯಾರಾದರೂ ಹೊರಗಿನವರು ಅಂದರೆ ನಮಗೆ ಸಿಟ್ಟು ಬರುತ್ತೆ ಅಲ್ವಾ?

ಊರಿನ ಹುಡುಗರಿಗೆ ಕೆಲಸ ಕೊಡಿ ಅನ್ನುವುದು ನ್ಯಾಯವಾದ ಮಾತು. ಕನ್ನಡಿಗರಿಗೆ ಕೆಲಸ ಕೊಡಿ ಅಂದ 1980ರ ದಶಕದ ಸರೋಜಿನಿ ಮಹಿಷಿ ವರದಿಯ ಕಾಲದಿಂದಲೂ ಕೇಳುತ್ತಲೇ ಇದ್ದೇವೆ, ಇನ್ನೂ ಕೇಳೋಣ. ಆದರೆ ಕೇಳಬೇಕಾದ್ದು ಕಂಪನಿಯವರನ್ನು, ಸರ್ಕಾರವನ್ನು. ನೈಟ್ ಶಿಫ್ಟ್ ಮುಗಿಸಿ ಬಂದು ಒಂದೇ ರೂಮಲ್ಲಿ ಸರದಿ ಮೇಲೆ ಮಲಗುವ ಹುಡುಗನನ್ನು ಬೈದರೆ ಯಾರಿಗೂ ಕೆಲಸ ಸಿಗಲ್ಲ.

ನನ್ನ ತಕರಾರು ಬೇರೆ. ಹತ್ತು ರೂಮಿನ ಕಟ್ಟಡಕ್ಕೆ ನಮ್ಮ ಪಂಚಾಯಿತಿಯಲ್ಲಿ ಒಂದೇ ಮನೆಯ ಕಂದಾಯ. ಒಂದೇ ನಲ್ಲಿ, ಎರಡು ಕಕ್ಕಸು, ಮೂವತ್ತು ಜನ. ನೀರು ಬಿಟ್ಟ ದಿನ ಜಗಳ, ಚರಂಡಿ ತುಂಬಿ ರಸ್ತೆಗೆ ಬಂದರೆ "ಈ ಹಿಂದಿಯವರು ಗಲೀಜು" ಅನ್ನುವ ಮಾತು. ಚರಂಡಿ ಕಟ್ಟಿದ್ದೇ ನಾಲ್ಕು ಮನೆಗೆ ಸ್ವಾಮಿ! ಬಾಡಿಗೆ ಪೂರ್ತಿ ನಮ್ಮ ಜೇಬಿಗೆ, ಗಲೀಜು ಮಾತ್ರ ಊರಿನ ಪಾಲಿಗೆ. ರೂಮಿನ ಲೆಕ್ಕಕ್ಕೆ ಕಂದಾಯ ಹಾಕಿ ಆ ದುಡ್ಡನ್ನು ಅದೇ ಬೀದಿಯ ನೀರು, ದೀಪ, ಚರಂಡಿಗೆ ಹಾಕಿದರೆ ಇಲ್ಲಿಯವರಿಗೂ ಅನುಕೂಲ, ಅವರಿಗೂ ಅನುಕೂಲ. ಬಾಡಿಗೆ ಕರಾರನ್ನೂ ಬರೆದು ಕೊಡಬೇಕು, ಅದೊಂದು ಕಾಗದ ಇಲ್ಲದೆ ಇಲ್ಲಿಯ ವಿಳಾಸ ತೋರಿಸಲು ಅವರು ಪಡುವ ಪಾಡು ನೋಡಲಾಗದು.

ಇನ್ನು ಇರುವ ಸೌಲಭ್ಯವನ್ನಾದರೂ ಹೇಳುವವರು ಬೇಕು. ಒಂದು ದೇಶ ಒಂದು ಪಡಿತರ ಚೀಟಿ 2022ರ ಹೊತ್ತಿಗೇ ಎಲ್ಲಾ ರಾಜ್ಯಕ್ಕೂ ಬಂದಿದೆ. ಆಹಾರ ಭದ್ರತಾ ಕಾಯ್ದೆಯ ಕಾರ್ಡಿದ್ದರೆ ಊರಲ್ಲಿರುವ ಅಮ್ಮ ತನ್ನ ಪಾಲು ಅಲ್ಲೇ ತಗೋಬಹುದು, ಮಗ ತನ್ನ ಪಾಲಿನ ಅಕ್ಕಿಯನ್ನು ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತಿ ತಗೋಬಹುದು. ಇದು ನನ್ನ ರೂಮಿನಲ್ಲಿದ್ದ ಒಬ್ಬರಿಗೂ ಗೊತ್ತಿರಲಿಲ್ಲ. ಶಾಲೆಯ ವಿಷಯವೂ ಅಷ್ಟೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಟಿಸಿ ತಡ ಆಯಿತು, ವಯಸ್ಸಿನ ದಾಖಲೆ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ. ಒಂದು ಕಡೆ ಮಕ್ಕಳಿಲ್ಲ ಅಂತ ಕನ್ನಡ ಶಾಲೆಗೆ ಬೀಗ ಹಾಕುವ ಮಾತು, ಇನ್ನೊಂದು ಕಡೆ ವಠಾರದ ತುಂಬ ಮಕ್ಕಳು ಸುಮ್ನೆ ಆಡಿಕೊಂಡಿವೆ.

ನಮ್ಮ ಸ್ತ್ರೀಶಕ್ತಿ ಸಂಘದ್ದೂ ಒಂದು ಮಾತಿದೆ. ಸೇರಬೇಕಾದರೆ ಊರಿನ ಕಾರ್ಡು ತನ್ನಿ ಅಂತೇವೆ. ನಮ್ಮ ಹಿಂದಿನ ರೂಮಿನಲ್ಲಿರುವ ಒಡಿಶಾದ ಹೆಂಗಸು ಮಾಡುವ ಬೇಳೆ, ಪಲ್ಯಕ್ಕೆ ಭಾನುವಾರ ಅಕ್ಕಪಕ್ಕದ ಹುಡುಗರೆಲ್ಲ ಡಬ್ಬಿ ಹಿಡಿದು ಬರುತ್ತಾರೆ. ಆಕೆಯನ್ನೂ ಸೇರಿಸಿಕೊಂಡು ಸಂಘದ ಸಾಲದಲ್ಲಿ ಒಂದು ಮೆಸ್ ಹಾಕಿದರೆ ನಾಲ್ಕು ಮನೆಗೆ ದುಡಿಮೆ. ಕೇಳಿದರೆ ಆಕೆ ನಾಳೆ ಊರಿಗೆ ಓಡಿಹೋದರೆ ಅಂತಾರೆ. ಊರಿನವರೇ ಕಂತು ಕಟ್ಟದೆ ತಪ್ಪಿಸಿಕೊಂಡಿಲ್ಲವಾ?

ಮುಂದಿನ ಗ್ರಾಮಸಭೆಯಲ್ಲಿ ನಿರ್ಣಯ ಬರೆಯುವುದೇ ಆದರೆ ರೂಮುಗಳನ್ನು ಎಣಿಸಿ ಕಂದಾಯ ಹಾಕುವ ನಿರ್ಣಯ ಬರೆಯಲಿ. ನನ್ನ ರೂಮುಗಳಿಂದಲೇ ಶುರು ಮಾಡಿದರೂ ನನಗೇನೂ ಬೇಜಾರಿಲ್ಲ.

ಇಂತಿ,
ಸ್ತ್ರೀಶಕ್ತಿ ಸಂಘದ ಸದಸ್ಯೆ
ನರಸಾಪುರ ಹೋಬಳಿ, ಕೋಲಾರ ತಾಲ್ಲೂಕು